ಅಪ್ಪನ ಟಿವಿ, ತಮ್ಮನ ಚಾನೆಲ್: ಯಾರು ಯಾರನ್ನು ಬದಲಿಸುತ್ತಿದ್ದಾರೆ?

ಪ್ರಶ್ನೆ: ನನಗೆ 43 ವರ್ಷ. ಅಪ್ಪನಿಗೆ 71. ಅಮ್ಮ ತೀರಿಕೊಂಡ ಮೇಲೆ ಅಪ್ಪ ನಮ್ಮ ಜೊತೆಗೇ ಇದ್ದಾರೆ. ಬೆಳಗ್ಗೆ ಎದ್ದಾಗ ಹಾಕಿದ ನ್ಯೂಸ್ ಚಾನೆಲ್ ರಾತ್ರಿ ಮಲಗುವವರೆಗೂ ಓಡುತ್ತಲೇ ಇರುತ್ತದೆ. ಮೊದಲೆಲ್ಲ ಯಾರನ್ನಾದರೂ ಸುಲಭವಾಗಿ ನಂಬುವ ಮನುಷ್ಯ. ಈಗ ಬಾಯಿ ಬಿಟ್ಟರೆ 'ಕಾಲ ಕೆಟ್ಟುಹೋಗಿದೆ' ಅನ್ನುತ್ತಾರೆ. ಹದಿಮೂರು ವರ್ಷದ ನನ್ನ ಮಗಳು ಸೈಕಲ್ಲಿನಲ್ಲಿ ಕ್ಲಾಸಿಗೆ ಹೋಗುವುದನ್ನು ಎರಡು ತಿಂಗಳ ಹಿಂದೆ ನಿಲ್ಲಿಸಿಬಿಟ್ಟರು. ಕಾರಣ, ಟಿವಿಯಲ್ಲಿ ಬಂದ ಮಕ್ಕಳ ಅಪಹರಣದ ಒಂದು ಸುದ್ದಿ. ಅದು ನಡೆದದ್ದು ಎಲ್ಲೋ ದೂರದಲ್ಲಿ. ನನ್ನ ತಮ್ಮ ಒಂದು ನ್ಯೂಸ್ ಚಾನೆಲ್‌ನಲ್ಲಿ ಕೆಲಸ ಮಾಡುತ್ತಾನೆ. ಕೇಳಿದರೆ, 'ಅಕ್ಕಾ, ಜನ ನೋಡೋದನ್ನೇ ನಾವು ತೋರಿಸೋದು, ಮಾಧ್ಯಮ ಸಮಾಜದ ಕನ್ನಡಿ ಅಷ್ಟೇ' ಅನ್ನುತ್ತಾನೆ. ನಮ್ಮ ಯಜಮಾನರು ಟಿವಿಯೇ ಎಲ್ಲವನ್ನೂ ಹಾಳುಮಾಡಿದ್ದು, ಕನೆಕ್ಷನ್ ತೆಗೆಸಿಬಿಡೋಣ ಅನ್ನುತ್ತಾರೆ. ಮಗಳು 'ನಾನು ಟಿವಿ ನೋಡೋದೇ ಇಲ್ಲ, ನಂಗೇನೂ ಆಗಿಲ್ಲ' ಅಂತ ಫೋನ್ ಹಿಡಿದು ಕೂರುತ್ತಾಳೆ. ಯಾರ ಮಾತು ಸರಿ? ಟಿವಿ ಅಪ್ಪನನ್ನು ಬದಲಿಸಿತೋ, ಅಪ್ಪನಂಥ ನೋಡುಗರಿಂದ ಟಿವಿ ಹೀಗಾಯಿತೋ? ನಾನೀಗ ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆ ಇವೆ. ಒಂದು ದೊಡ್ಡದು, ಮಾಧ್ಯಮ ಸಮಾಜವನ್ನು ತಿದ್ದುತ್ತದೋ ಸಮಾಜ ಮಾಧ್ಯಮವನ್ನೋ ಅನ್ನುವುದು. ಇನ್ನೊಂದು ನಿಮ್ಮ ಮನೆಯದು. ಸೈಕಲ್ ಮೂಲೆ ಸೇರಿದೆ, ಅಪ್ಪ ಹೆದರಿದ್ದಾರೆ, ನೀವು ನಡುವೆ ಸಿಕ್ಕಿಕೊಂಡಿದ್ದೀರಿ. ಎರಡನೆಯದರ ದಾರಿ ಮೊದಲನೆಯದರ ಮೂಲಕವೇ ಹೋಗುತ್ತದೆ, ಅದಕ್ಕೆ ಸ್ವಲ್ಪ ತಾಳ್ಮೆ ಇರಲಿ. ನಾನು ಹತ್ತೊಂಬತ್ತು ವರ್ಷ ಸುದ್ದಿಮನೆಯ ಡೆಸ್ಕಿನಲ್ಲಿ ಕೂತವನು, ಅದರಲ್ಲಿ ಎಂಟು ವರ್ಷ ಟಿವಿಯಲ್ಲಿ. ಈಗ ಪತ್ರಿಕೋದ್ಯಮ ಪಾಠ ಮಾಡುತ್ತೇನೆ. ಹಾಗಾಗಿ ನಿಮ್ಮ ತಮ್ಮನ ಪರವಾಗಿಯೂ ಒಂದೆರಡು ಮಾತು ಬರುತ್ತವೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ನಿಮ್ಮ ಯಜಮಾನರ ವಾದ ನೋಡೋಣ. ಟಿವಿ ಹೇಳಿದ್ದೆಲ್ಲ ನೇರವಾಗಿ ತಲೆಗೆ ಇಳಿದುಬಿಡುತ್ತದೆ ಎಂಬ ನಂಬಿಕೆ ಟಿವಿಗಿಂತ ಹಳೆಯದು. ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ 1938ರ ಅಕ್ಟೋಬರ್ 30ರ ಒಂದು ರೇಡಿಯೋ ನಾಟಕ. ಮಂಗಳಗ್ರಹದವರು ಭೂಮಿಯ ಮೇಲೆ ದಾಳಿ ಮಾಡುವ ಕತೆಯನ್ನು ಆರ್ಸನ್ ವೆಲ್ಸ್ ಎಂಬ ನಟ, ನಿರ್ದೇಶಕ ಅಮೆರಿಕದ ಸಿಬಿಎಸ್ ರೇಡಿಯೋದಲ್ಲಿ ಸುದ್ದಿ ಬುಲೆಟಿನ್ ಧಾಟಿಯಲ್ಲಿ ಪ್ರಸಾರ ಮಾಡಿದ. ಅದನ್ನು ನಿಜವೆಂದು ನಂಬಿ ದೇಶಕ್ಕೆ ದೇಶವೇ ಬೀದಿಗೆ ಓಡಿತು ಅಂತ ಇವತ್ತಿಗೂ ಹೇಳುತ್ತಾರೆ. ಪಾಠ ಶುರುಮಾಡಿದ ಹೊಸದರಲ್ಲಿ ನಾನೂ ಹಾಗೇ ಹೇಳುತ್ತಿದ್ದೆ. ಆದರೆ ಆ ರಾತ್ರಿ ಕೇಳುಗರ ಲೆಕ್ಕ ತೆಗೆಯುವ ಹೂಪರ್ ಸಂಸ್ಥೆ ಸುಮಾರು 5,000 ಮನೆಗಳಿಗೆ ಫೋನ್ ಮಾಡಿ, ಏನು ಕೇಳುತ್ತಿದ್ದೀರಿ ಅಂತ ವಿಚಾರಿಸಿತ್ತು. ಆ ನಾಟಕ ಕೇಳುತ್ತಿದ್ದವರು ಶೇ 2ರಷ್ಟು. ಅದೇ ಹೊತ್ತಿಗೆ ಇನ್ನೊಂದು ರೇಡಿಯೋದಲ್ಲಿ ಬರುತ್ತಿದ್ದ ಹಾಸ್ಯ ಕಾರ್ಯಕ್ರಮಕ್ಕೆ ಇದರ ಎಷ್ಟೋ ಪಟ್ಟು ಜನ ಕಿವಿಗೊಟ್ಟಿದ್ದರು. ಕೆಲವರು ಹೆದರಿದ್ದು ಹೌದು. ದೇಶವೇ ತಲ್ಲಣಿಸಿತು ಅಂತ ಮರುದಿನ ದಪ್ಪಕ್ಷರದಲ್ಲಿ ಹಾಕಿದ್ದು ಮಾತ್ರ ಪತ್ರಿಕೆಗಳು. ಪತ್ರಿಕೆಗಳ ಜಾಹೀರಾತನ್ನು ರೇಡಿಯೋ ಕಿತ್ತುಕೊಳ್ಳುತ್ತಿದ್ದ ಕಾಲ ಅದು. ರೇಡಿಯೋ ಅಪಾಯದ ವಸ್ತು ಎಂದು ತೋರಿಸುವುದು ಅವುಗಳಿಗೆ ಬೇಕಾಗಿತ್ತು. ಮಾಧ್ಯಮಕ್ಕೆ ಎಷ್ಟೊಂದು ಶಕ್ತಿ ಇದೆ ಎಂಬ ಕತೆಯನ್ನೇ ಇನ್ನೊಂದು ಮಾಧ್ಯಮ ಹಬ್ಬಿಸಿತು, ತಮಾಷೆ ಅಲ್ವಾ?

ಅದಾಗಿ ಎರಡೇ ವರ್ಷಕ್ಕೆ, 1940ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಹೊತ್ತಿನಲ್ಲಿ, ಸಮಾಜಶಾಸ್ತ್ರಜ್ಞ ಪಾಲ್ ಲಾಜರ್ಸ್‌ಫೆಲ್ಡ್ ಮತ್ತು ಸಂಗಡಿಗರು ಓಹಾಯೋ ರಾಜ್ಯದ ಈರಿ ಕೌಂಟಿಯಲ್ಲಿ ಸುಮಾರು 600 ಮತದಾರರನ್ನು ತಿಂಗಳುಗಟ್ಟಲೆ ಮತ್ತೆ ಮತ್ತೆ ಮಾತಾಡಿಸಿದರು. ರೇಡಿಯೋ, ಪತ್ರಿಕೆಗಳ ಪ್ರಚಾರ ಜನರನ್ನು ಅತ್ತಿಂದಿತ್ತ ತಿರುಗಿಸುತ್ತದೆ ಎಂಬುದು ಅವರ ಎಣಿಕೆ. ಹಾಗೆ ಪೂರ್ತಿ ತಿರುಗಿದವರು ಕೆಲವೇ ಜನ. ತೀರ್ಮಾನ ಬದಲಿಸಿದವರಲ್ಲಿ ಬಹಳ ಜನ ಹೇಳಿದ್ದು ಮನೆಯವರ, ಸ್ನೇಹಿತರ, ಜೊತೆಗೆ ಕೆಲಸ ಮಾಡುವವರ ಮಾತನ್ನು. ಸುದ್ದಿ ಮೊದಲು ಕೆಲವರಿಗೆ ತಲುಪುತ್ತದೆ, ಅವರ ಬಾಯಿಂದ ಉಳಿದವರಿಗೆ ಹೋಗುತ್ತದೆ. ಈ ಮಾತು ನೆನಪಿರಲಿ. ನಿಮ್ಮ ಮನೆಯಲ್ಲಿ ಆ 'ಬಾಯಿ' ನೀವೂ ಆಗಬಹುದು.

ಹಾಗಾದರೆ ಟಿವಿಯ ಪ್ರಭಾವವೇ ಇಲ್ಲವೇ? ಇದೆ. ನಿಮ್ಮ ಯಜಮಾನರು ಹುಡುಕುತ್ತಿರುವ ಜಾಗದಲ್ಲಿ ಇಲ್ಲ, ಅಷ್ಟೇ.

1968ರಲ್ಲಿ ಮ್ಯಾಕ್ಸ್‌ವೆಲ್ ಮೆಕೂಂಬ್ಸ್ ಮತ್ತು ಡೊನಾಲ್ಡ್ ಶಾ ಎಂಬ ಇಬ್ಬರು ಅಧ್ಯಾಪಕರು ಅಮೆರಿಕದ ಚಾಪೆಲ್ ಹಿಲ್ ಎಂಬ ಊರಿನಲ್ಲಿ, ಅಧ್ಯಕ್ಷೀಯ ಚುನಾವಣೆಯ ಹೊತ್ತಿಗೆ, ಯಾರಿಗೆ ಮತ ಎಂದು ಇನ್ನೂ ನಿರ್ಧರಿಸದ 100 ಜನರನ್ನು ಹುಡುಕಿ, ಈಗ ದೇಶಕ್ಕೆ ಮುಖ್ಯವಾದ ವಿಷಯ ಯಾವುದು ಅಂತ ಕೇಳಿದರು. ಇನ್ನೊಂದು ಕಡೆ, ಅಲ್ಲಿನ ಪತ್ರಿಕೆ ಮತ್ತು ಟಿವಿ ಯಾವ ವಿಷಯಕ್ಕೆ ಎಷ್ಟು ಜಾಗ ಕೊಟ್ಟಿವೆ ಅಂತ ಅಳೆದರು. ಎರಡೂ ಪಟ್ಟಿಗಳ ಕ್ರಮ ಹೆಚ್ಚುಕಡಿಮೆ ಒಂದೇ. ಯಾರ ಪರ ಯೋಚಿಸಬೇಕು ಅಂತ ಮಾಧ್ಯಮ ಹೇಳಿಕೊಟ್ಟಿರಲಿಲ್ಲ. ಯಾವುದರ ಬಗ್ಗೆ ಯೋಚಿಸಬೇಕು ಎಂಬುದನ್ನು ಮಾತ್ರ ಸದ್ದಿಲ್ಲದೆ ಗೊತ್ತುಮಾಡಿತ್ತು. ನಿಮ್ಮ ಅಪ್ಪನ ವಿಷಯದಲ್ಲಿ ಆಗಿರುವುದೂ ಇದೇ. 'ಮೊಮ್ಮಗಳನ್ನು ಸೈಕಲ್ ಮೇಲೆ ಕಳಿಸಬೇಡಿ' ಅಂತ ಯಾವ ಆ್ಯಂಕರೂ ಹೇಳಲಿಲ್ಲ. ಮಕ್ಕಳ ಅಪಹರಣ ಎನ್ನುವುದನ್ನು ದಿನವಿಡೀ ಅವರ ಕಣ್ಣೆದುರು ಇಟ್ಟರು. ಉಳಿದದ್ದನ್ನು ಅವರ ಪ್ರೀತಿಯೇ ಮಾಡಿತು.

'ದಿನವಿಡೀ ಇಡುವುದು' ಅಂದರೆ ಏನು ಅಂತ ನಾನೇ ಮಾಡಿದ ಒಂದು ಕೆಲಸದಿಂದ ಹೇಳುತ್ತೇನೆ. ಒಂದು ಸಂಜೆ ಒಂದು ಕಟ್ಟಡಕ್ಕೆ ಬೆಂಕಿ ಬಿತ್ತು. ನಮ್ಮ ಕೈಗೆ ಸಿಕ್ಕಿದ್ದು ಹನ್ನೊಂದು ಸೆಕೆಂಡಿನ ವಿಷುವಲ್ಸ್. ಆಮೇಲೆ ಬೇರೆ ಎರಡು ಕಡೆಯಿಂದ ತೆಗೆದ ತುಣುಕುಗಳು ಬಂದವು. ಮೂರನ್ನೂ ಸೇರಿಸಿ ಲೂಪ್ ಮಾಡಿ, ಅಂದರೆ ಮತ್ತೆ ಮತ್ತೆ ಅದೇ ಓಡುವಂತೆ ಮಾಡಿ ಬಿಟ್ಟೆವು. ಮೇಲೆ ಆ್ಯಂಕರ್ ಮಾತು, ಕೆಳಗೆ ಕೆಂಪು ಪಟ್ಟಿ, ಹಿಂದೆ ಅದೇ ಬೆಂಕಿ, ನಾಲ್ಕು ಗಂಟೆ ಕಾಲ. ಒಂಬತ್ತರ ಸುಮಾರಿಗೆ ಡೆಸ್ಕಿನ ಫೋನ್ ರಿಂಗಾಯಿತು. ಆ ಕಡೆ ವಯಸ್ಸಾದ ಹೆಂಗಸಿನ ದನಿ. 'ಇಲ್ಲಿವರೆಗೆ ಒಟ್ಟು ಎಷ್ಟು ಬಿಲ್ಡಿಂಗಿಗೆ ಬೆಂಕಿ ಬಿದ್ದಿದೆ ಅಪ್ಪಾ?' ಅಂತ ಕೇಳಿದರು. ಒಂದೇ ಅಮ್ಮಾ, ಏಳು ಗಂಟೆಗೇ ಆರಿಹೋಗಿದೆ ಅಂದೆ. ಅವರು ನಂಬಲಿಲ್ಲ. 'ನಿಮ್ಮ ಟಿವೀಲಿ ಈಗಲೂ ಉರೀತಾ ಇದೆಯಲ್ಲ' ಅಂದರು. ಪರದೆ ಕಡೆ ನೋಡಿದೆ. ಉರಿಯುತ್ತಲೇ ಇತ್ತು.

ನಾವು ಒಂದೇ ಒಂದು ಸುಳ್ಳು ಹೇಳಿರಲಿಲ್ಲ. ಆದರೂ ಆ ಅಮ್ಮನ ತಲೆಯಲ್ಲಿ ಹತ್ತಾರು ಕಟ್ಟಡ ಉರಿಯುತ್ತಿದ್ದವು. ಮನಸ್ಸು ಎಷ್ಟು ಸಲ ನಡೆಯಿತು ಎಂದು ಎಣಿಸುವುದಿಲ್ಲ, ಎಷ್ಟು ಸಲ ಕಂಡಿತು ಎಂದು ಎಣಿಸುತ್ತದೆ. ಒಂದು ಅಪಹರಣವನ್ನು ನಲವತ್ತು ಸಲ ನೋಡಿದವರಿಗೆ ನಲವತ್ತರ ಭಯವೇ ಬರುತ್ತದೆ.

ಇದಕ್ಕೆ ಒಂದು ಕಟುವಾದ ಸಾಕ್ಷಿ ಇದೆ. 2013ರ ಏಪ್ರಿಲ್‌ನಲ್ಲಿ ಬಾಸ್ಟನ್ ಮ್ಯಾರಥಾನ್ ಓಟದ ವೇಳೆ ಬಾಂಬ್ ಸಿಡಿಯಿತು. ಆ ನಂತರ ಅಮೆರಿಕದ ಸಂಶೋಧಕರು 4,600ಕ್ಕೂ ಹೆಚ್ಚು ಜನರನ್ನು ವಿಚಾರಿಸಿದರು. ಮುಂದಿನ ಒಂದು ವಾರ ದಿನಕ್ಕೆ ಆರು ಗಂಟೆ ಅಥವಾ ಅದಕ್ಕೂ ಜಾಸ್ತಿ ಆ ಸುದ್ದಿಯನ್ನೇ ನೋಡಿದವರಲ್ಲಿ ಮಾನಸಿಕ ಆಘಾತದ ಲಕ್ಷಣಗಳು, ಸ್ಫೋಟದ ಜಾಗದಲ್ಲೇ ಇದ್ದವರಿಗಿಂತ ಹೆಚ್ಚಿದ್ದವು. ನಿಮ್ಮ ಅಪ್ಪ ಸುಮ್ನೆ ನಾಟಕ ಮಾಡುತ್ತಿಲ್ಲ. ಅವರ ಭಯ ನಿಜವಾದದ್ದು. ಭಯದ ಅಳತೆ ಮಾತ್ರ ತಪ್ಪಿದೆ.

ಇಂಥ ಅಳತೆ ತಪ್ಪಿದವರು ಅವರೊಬ್ಬರೇ ಅಲ್ಲ. ಅಮೆರಿಕದಲ್ಲಿ 1990ರ ದಶಕದ ಆರಂಭದಿಂದ ಈಚೆಗೆ ಹಿಂಸೆಯ ಅಪರಾಧಗಳ ಪ್ರಮಾಣ ಸುಮಾರು ಅರ್ಧಕ್ಕೆ ಇಳಿದಿದೆ. ಜನಾಭಿಪ್ರಾಯ ಸಮೀಕ್ಷೆ ಮಾಡುವ ಗ್ಯಾಲಪ್ ಸಂಸ್ಥೆ ಅದೇ ಕಾಲದಲ್ಲಿ ಕೇಳುತ್ತ ಬಂದ ಪ್ರಶ್ನೆಗೆ ಹೆಚ್ಚಿನ ವರ್ಷಗಳಲ್ಲಿ ಬಹುಪಾಲು ಜನರ ಉತ್ತರ, ಕಳೆದ ವರ್ಷಕ್ಕಿಂತ ಈ ವರ್ಷ ಅಪರಾಧ ಹೆಚ್ಚಾಗಿದೆ ಅಂತಲೇ.

ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಾನೂ ಟಿವಿಯವರ ಥರ ಅರ್ಧ ಕತೆ ಹೇಳಿದಂತಾಗುತ್ತದೆ. ಟಿವಿ ಜಾಸ್ತಿ ನೋಡುವವರಿಗೆ ಲೋಕ ಇರುವುದಕ್ಕಿಂತ ಕ್ರೂರವಾಗಿ ಕಾಣುತ್ತದೆ ಎಂದು ಮೊದಲು ಗಟ್ಟಿಯಾಗಿ ಹೇಳಿದವನು ಜಾರ್ಜ್ ಗರ್ಬ್ನರ್ ಎಂಬ ಅಮೆರಿಕದ ಮಾಧ್ಯಮ ಸಂಶೋಧಕ. ಆದರೆ 1979ರಲ್ಲಿ ಟೊರಾಂಟೊದ ಇಬ್ಬರು ಸಂಶೋಧಕರು ಅದೇ ಲೆಕ್ಕವನ್ನು ಬೇರೆ ಥರ ಮಾಡಿದರು. ಜನ ವಾಸಿಸುವ ಬಡಾವಣೆಯಲ್ಲಿ ನಿಜವಾಗಿ ಎಷ್ಟು ಅಪರಾಧ ನಡೆಯುತ್ತದೆ ಎಂಬುದನ್ನೂ ಸೇರಿಸಿ ನೋಡಿದರು. ಆಗ ಟಿವಿಗೂ ಭಯಕ್ಕೂ ಇದ್ದ ನಂಟು ಬಹುಪಾಲು ಕರಗಿಹೋಯಿತು. ಅಪಾಯದ ಜಾಗದಲ್ಲಿ ಇರುವವರು ಹೊರಗೆ ಹೋಗದೆ ಮನೆಯಲ್ಲೇ ಉಳಿದು ಟಿವಿ ನೋಡುತ್ತಿದ್ದರು! ಅಂದರೆ ಭಯದಿಂದಲೂ ಟಿವಿ ನೋಡುವುದು ಹೆಚ್ಚಾಗಬಹುದು. ನಿಮ್ಮ ಅಪ್ಪನ ವಿಷಯದಲ್ಲಿ ಇದನ್ನು ಯೋಚಿಸಿ. ಅಮ್ಮ ಹೋದರು. ಜಾಗ ಬದಲಾಯಿತು. ಹಗಲು ಮನೆಯಲ್ಲಿ ಯಾರೂ ಇರುವುದಿಲ್ಲವೇನೋ. ಆ ಮೌನ ತುಂಬಲು ಟಿವಿ ಬಂದಿರಬಹುದು. ಟಿವಿ ತಂದ ಭಯ ಎಷ್ಟು, ಟಿವಿ ಹಾಕುವಂತೆ ಮಾಡಿದ ಭಯ ಎಷ್ಟು ಅಂತ ದೂರದಿಂದ ನಾನು ಹೇಳಲಾರೆ. ನಿದ್ದೆ, ಊಟ ಕೆಟ್ಟಿದ್ದರೆ, ಮೊದಲು ಇಷ್ಟಪಡುತ್ತಿದ್ದ ಯಾವುದೂ ಈಗ ಬೇಡವಾಗಿದ್ದರೆ, ಅದು ಮಾಧ್ಯಮದ ಪ್ರಶ್ನೆಯಲ್ಲ. ವೈದ್ಯರ ಹತ್ತಿರ ಕರೆದುಕೊಂಡು ಹೋಗಿ.

ಈಗ ನಿಮ್ಮ ತಮ್ಮ.

'ಜನ ನೋಡೋದನ್ನೇ ತೋರಿಸ್ತೀವಿ' ಎಂಬುದು ಅರ್ಧ ಸತ್ಯ, ಆದರೆ ಆ ಅರ್ಧ ಸಣ್ಣದೇನಲ್ಲ. ನಾನು ಟಿವಿಯಲ್ಲಿದ್ದಾಗ ಟಿಆರ್‌ಪಿ ಬರುವ ದಿನ ಸುದ್ದಿಮನೆಯಲ್ಲಿ ಪರೀಕ್ಷೆಯ ಫಲಿತಾಂಶದ ವಾತಾವರಣ. ಗ್ರಾಫನ್ನು ರನ್‌ಡೌನ್ (ಯಾವ ಸುದ್ದಿ ಯಾವಾಗ ಹೋಯಿತು ಎಂಬ ಪಟ್ಟಿ) ಪಕ್ಕ ಇಟ್ಟುಕೊಂಡು ಎಲ್ಲಿ ಏರಿತು, ಎಲ್ಲಿ ಬಿತ್ತು ಅಂತ ನೋಡುತ್ತಿದ್ದೆವು. ನೀರಿನ ಸಮಸ್ಯೆಯ ಬಗ್ಗೆ ನಾವು ಒಂದು ವಾರ ಕಷ್ಟಪಟ್ಟು ಮಾಡಿದ ವರದಿ ಶುರುವಾದ ಕೂಡಲೇ ಗೆರೆ ಕೆಳಗೆ. ಪ್ಯಾನೆಲಿನಲ್ಲಿ ಇಬ್ಬರು ಕೈ ತೋರಿಸಿ ಕೂಗಾಡಿದ ಕೂಡಲೇ ಮೇಲೆ. ಮುಂದಿನ ವಾರದ ಮೀಟಿಂಗಿನಲ್ಲಿ ಯಾವುದಕ್ಕೆ ಜಾಸ್ತಿ ಸಮಯ ಸಿಗುತ್ತದೆ ಅಂತ ಬೇರೆ ಹೇಳಬೇಕಾಗಿಲ್ಲ. ಜನರನ್ನು ಹೆದರಿಸೋಣ ಅಂತ ಆ ಕೋಣೆಯಲ್ಲಿ ಯಾರೂ ಹೇಳಿದ್ದು ನಾನು ಕೇಳಿಲ್ಲ. ಗ್ರಾಫ್ ಹೇಳಿದ್ದನ್ನು ಕೇಳಿದೆವು, ಅಷ್ಟೇ. ಆ ಗ್ರಾಫಿನಲ್ಲಿ ನಿಮ್ಮ ಅಪ್ಪನಂಥವರ ರಿಮೋಟೂ ಇತ್ತು.

ಇದು ನಿನ್ನೆ ಮೊನ್ನೆಯ ಚಾಳಿಯೂ ಅಲ್ಲ. 1833ರಲ್ಲಿ ಬೆಂಜಮಿನ್ ಡೇ ನ್ಯೂಯಾರ್ಕಿನಲ್ಲಿ 'ಸನ್' ಪತ್ರಿಕೆ ಶುರುಮಾಡಿದಾಗ ಉಳಿದ ಪತ್ರಿಕೆಗಳ ಬೆಲೆ 6 ಸೆಂಟ್, ಇವನದು 1 ಸೆಂಟ್. ಓದುಗ ಕೊಡುವ ಆ ಒಂದು ಸೆಂಟಿನಿಂದ ಪತ್ರಿಕೆ ನಡೆಯುವುದಿಲ್ಲ. ಓದುಗರ ಸಂಖ್ಯೆಯನ್ನು ತೋರಿಸಿ ಜಾಹೀರಾತುದಾರರಿಂದ ಹಣ ತೆಗೆಯುವುದು ಅವನ ಲೆಕ್ಕ. ಸಂಖ್ಯೆ ಬೆಳೆಯಲು ಏನು ಮಾಡಿದ? ಪೊಲೀಸ್ ಕೋರ್ಟಿಗೆ ಒಬ್ಬ ವರದಿಗಾರನನ್ನು ಕಳಿಸಿದ. ಕಳ್ಳತನ, ಕುಡಿತದ ಗಲಾಟೆ, ಗಂಡ ಹೆಂಡತಿ ಜಗಳ ಎಲ್ಲ ಬಂತು. 1835ರಲ್ಲಿ ಚಂದ್ರನ ಮೇಲೆ ರೆಕ್ಕೆ ಇರುವ ಮನುಷ್ಯರಿದ್ದಾರೆ ಅಂತಲೂ ಅದೇ ಪತ್ರಿಕೆ ಸರಣಿ ಬರೆಯಿತು. ಚೆನ್ನಾಗಿ ಮಾರಾಟವಾಯಿತು. ಸುದ್ದಿ ಓದುಗನಿಗೆ, ಓದುಗ ಜಾಹೀರಾತುದಾರನಿಗೆ ಎಂಬ ಈ ಏರ್ಪಾಡು ಕಾಗದದಿಂದ ಟಿವಿಗೆ, ಟಿವಿಯಿಂದ ಫೋನಿಗೆ ಹಾಗೇ ಇಳಿದು ಬಂದಿದೆ.

ಆದರೆ ನಿಮ್ಮ ತಮ್ಮ ಒಂದು ಕಡೆ ಜಾರುತ್ತಾರೆ. 'ನೋಡುತ್ತಾರೆ' ಎನ್ನುವುದನ್ನು 'ಬೇಕು ಅನ್ನುತ್ತಾರೆ' ಅಂತ ಓದಿಕೊಳ್ಳುತ್ತಾರೆ. ಬೀದಿಯಲ್ಲಿ ಜೋರು ಜಗಳ ಆದರೆ ನಾವೆಲ್ಲ ಕಿಟಕಿಗೆ ಬರುತ್ತೇವೆ. ಹಾಗಂತ ದಿನಾ ಸಂಜೆ ನಮ್ಮ ಮನೆ ಮುಂದೆ ಒಂದು ಜಗಳ ಇಡಿಸಿ ಅಂತ ಯಾರಾದರೂ ಅರ್ಜಿ ಕೊಡುತ್ತಾರಾ? ಕೆಟ್ಟದ್ದರ ಕಡೆಗೆ ಕಣ್ಣು ಮೊದಲು ಹೋಗುವುದು ಮನುಷ್ಯನ ಹಳೆಯ ಅಭ್ಯಾಸ. ಅಪಾಯವನ್ನು ಬೇಗ ಗಮನಿಸಿದವರು ಉಳಿದುಕೊಂಡರು. ಅಪ್‌ವರ್ದಿ ಎಂಬ ವೆಬ್‌ಸೈಟ್ ಒಂದೇ ಸುದ್ದಿಗೆ ಬೇರೆ ಬೇರೆ ತಲೆಬರಹ ಕೊಟ್ಟು ಯಾವುದನ್ನು ಜನ ಒತ್ತುತ್ತಾರೆ ಅಂತ ಪರೀಕ್ಷೆ ಮಾಡುತ್ತಿತ್ತು. ಅಂಥ ಒಂದು ಲಕ್ಷಕ್ಕೂ ಹೆಚ್ಚು ತಲೆಬರಹಗಳನ್ನು ಸಂಶೋಧಕರು ಜಾಲಾಡಿ 2023ರಲ್ಲಿ ಪ್ರಕಟಿಸಿದರು. ತಲೆಬರಹದಲ್ಲಿ ಒಂದೊಂದು ನಕಾರದ ಪದ ಹೆಚ್ಚಾದಂತೆ ಒತ್ತುವವರ ಪ್ರಮಾಣ ಸುಮಾರು ಶೇ 2.3ರಷ್ಟು ಏರುತ್ತಿತ್ತು. ಒಳ್ಳೆಯ ಸುದ್ದಿ ಹಂಚುತ್ತೇವೆ ಅಂತ ಹೆಸರು ಮಾಡಿದ ವೆಬ್‌ಸೈಟಿನ ಕತೆ ಇದು. ಅಳತೆಗೋಲು ಕಣ್ಣನ್ನು ಅಳೆಯುತ್ತದೆ. ಮನಸ್ಸು ಆಮೇಲೆ ಏನಂದುಕೊಂಡಿತು ಅಂತ ಅದಕ್ಕೆ ಗೊತ್ತಾಗುವುದಿಲ್ಲ.

ಇನ್ನು 'ಕನ್ನಡಿ'. ಈ ಮಾತನ್ನು ಪ್ರತಿವರ್ಷ ಹೊಸ ವಿದ್ಯಾರ್ಥಿಗಳು ಬರೆದುಕೊಡುತ್ತಾರೆ, ಪ್ರತಿವರ್ಷ ನಾನು ಕೆಂಪು ಗೆರೆ ಎಳೆಯುತ್ತೇನೆ. ಕನ್ನಡಿ ಯಾವುದನ್ನೂ ಆರಿಸುವುದಿಲ್ಲ. ಸುದ್ದಿಮನೆಯ ಕೆಲಸವೇ ಆರಿಸುವುದು.

1951ರ ಏಪ್ರಿಲ್ 26ರಂದು ಷಿಕಾಗೋದಲ್ಲಿ ಜನರಲ್ ಮ್ಯಾಕ್‌ಆರ್ಥರ್ ಮೆರವಣಿಗೆ. ಅಧ್ಯಕ್ಷ ಟ್ರೂಮನ್ ಕೆಲಸದಿಂದ ತೆಗೆದುಹಾಕಿದ್ದ ಸೇನಾಧಿಕಾರಿ ಆತ, ದೇಶವೆಲ್ಲ ಅದೇ ಮಾತು. ಕರ್ಟ್ ಲ್ಯಾಂಗ್ ಮತ್ತು ಗ್ಲಾಡಿಸ್ ಲ್ಯಾಂಗ್ ಎಂಬ ಇಬ್ಬರು ಸಮಾಜಶಾಸ್ತ್ರ ವಿದ್ಯಾರ್ಥಿಗಳು ಮೆರವಣಿಗೆಯ ದಾರಿಯುದ್ದಕ್ಕೂ 31 ಜನರನ್ನು ನಿಲ್ಲಿಸಿದರು. ಟಿವಿ ಪ್ರಸಾರವನ್ನೂ ಬೇರೆಯಾಗಿ ದಾಖಲಿಸಿದರು. ಟಿವಿಯಲ್ಲಿ ಕಂಡದ್ದು ಎಡೆಬಿಡದ ಜೈಕಾರ, ಜನಸಾಗರ. ಬೀದಿಯಲ್ಲಿ ನಿಂತವರು ಬರೆದುಕೊಂಡದ್ದು ಬೇರೆ. ಎಷ್ಟೋ ಹೊತ್ತು ಕಾದದ್ದು, ಕಾರು ಕ್ಷಣಮಾತ್ರದಲ್ಲಿ ಹಾದುಹೋದದ್ದು, ಜನ ಗುಂಪು ಚದುರಿ ಮನೆಗೆ ಹೊರಟದ್ದು. ಮನೆಯಲ್ಲೇ ಕೂತು ಟಿವಿ ನೋಡಿದ್ದರೆ ಚೆನ್ನಾಗಿತ್ತು ಅಂತ ಕೆಲವರು ಅಲ್ಲೇ ಗೊಣಗಿದರಂತೆ. ನನಗೆ ಎಲ್ಲಕ್ಕಿಂತ ಹಿಡಿಸಿದ ವಿವರ ಇನ್ನೊಂದು. ಕ್ಯಾಮೆರಾ ತಮ್ಮ ಕಡೆ ತಿರುಗಿದಾಗ ಜನ ಕೈ ಬೀಸಿ ಕೂಗುತ್ತಿದ್ದರು. ಕ್ಯಾಮೆರಾ ಉತ್ಸಾಹವನ್ನು ತೋರಿಸಲು ಬಂತು, ಅದು ಬಂದದ್ದರಿಂದಲೇ ಉತ್ಸಾಹ ಹುಟ್ಟಿತು.

ಕನ್ನಡಿಯೇ ಅಂತ ಹಟ ಹಿಡಿದರೆ ಹೀಗೆ ಹೇಳಬಹುದು: ಕನ್ನಡಿ ಎದುರು ಬಂದವರು ತಲೆ ಬಾಚಿಕೊಳ್ಳುತ್ತಾರೆ. ಆಮೇಲೆ ಕನ್ನಡಿ ತೋರಿಸುವುದು ಬಾಚಿದ ತಲೆಯನ್ನು. ಯಾರು ಯಾರನ್ನು ತಿದ್ದಿದರು ಎಂಬ ನಿಮ್ಮ ಪ್ರಶ್ನೆಗೆ ಒಂದು ತುದಿ ಇಲ್ಲದಿರುವುದು ಇದಕ್ಕೇ. ಅಪ್ಪ ಹೆದರಿ ನೋಡುತ್ತಾರೆ, ಗೆರೆ ಏರುತ್ತದೆ, ಚಾನೆಲ್ ಅಂಥದ್ದನ್ನೇ ಇನ್ನಷ್ಟು ಹಾಕುತ್ತದೆ, ಅಪ್ಪ ಇನ್ನಷ್ಟು ಹೆದರುತ್ತಾರೆ.

ಈ ಸುತ್ತು ಕೆಟ್ಟದ್ದಕ್ಕೇ ಹೋಗಬೇಕು ಅಂತೇನಿಲ್ಲ. ಬ್ರೆಜಿಲ್‌ನಲ್ಲಿ 1960ರಲ್ಲಿ ಒಬ್ಬ ಮಹಿಳೆಗೆ ಸರಾಸರಿ ಆರಕ್ಕಿಂತ ಜಾಸ್ತಿ ಮಕ್ಕಳು, 2000ರ ಹೊತ್ತಿಗೆ ಎರಡರ ಆಸುಪಾಸು. ಅದಕ್ಕೆ ಕಾರಣ ಹಲವು. ಆದರೆ ಅಲ್ಲಿನ ಗ್ಲೋಬೋ ಟಿವಿಯ ಧಾರಾವಾಹಿಗಳು ಒಂದೊಂದು ಪ್ರದೇಶಕ್ಕೂ ಯಾವಾಗ ತಲುಪಿದವು ಎಂದು ನೋಡಿದ ಅರ್ಥಶಾಸ್ತ್ರಜ್ಞರಿಗೆ, ಸಿಗ್ನಲ್ ಬಂದ ಕಡೆ ಹೆರಿಗೆಗಳು ಕಡಿಮೆಯಾದದ್ದು ಕಂಡಿತು. ಕುಟುಂಬ ಯೋಜನೆಯ ಪಾಠ ಆ ಧಾರಾವಾಹಿಗಳಲ್ಲಿ ಇರಲಿಲ್ಲ. 1965ರಿಂದ 1999ರವರೆಗಿನ 115 ಧಾರಾವಾಹಿಗಳಲ್ಲಿ, 50 ವರ್ಷದೊಳಗಿನ ಮುಖ್ಯ ಸ್ತ್ರೀಪಾತ್ರಗಳಲ್ಲಿ ಶೇ 72ರಷ್ಟಕ್ಕೆ ಮಕ್ಕಳೇ ಇಲ್ಲ, ಶೇ 21ಕ್ಕೆ ಒಂದೇ ಮಗು. ಕತೆ ಬರೆಯುವವರಿಗೆ ಮಕ್ಕಳ ಹಿಂಡು ತೊಡಕು ಅಂತ ಕಾಣುತ್ತದೆ! ಸಣ್ಣ ಸಂಸಾರ ಚೆಂದ ಎಂಬುದು ಹಾಗೆ ಮನೆಮನೆಗೆ ಹೋಯಿತು. ಆದರೆ ಅದೂ ನೆಲ ಹದವಾಗಿದ್ದಾಗ ಮೊಳೆತದ್ದು. ಪಟ್ಟಣಕ್ಕೆ ಬರುತ್ತಿದ್ದ, ಓದುತ್ತಿದ್ದ, ದುಡಿಯುತ್ತಿದ್ದ ಹೆಣ್ಣುಮಕ್ಕಳು ಅದನ್ನು ತಮ್ಮದು ಮಾಡಿಕೊಂಡರು.

ನಿಮ್ಮ ಮಗಳ 'ನಂಗೇನೂ ಆಗಿಲ್ಲ' ಎಂಬ ಮಾತಿಗೆ ನನಗೆ ನಗು ಬಂತು, ಯಾಕೆಂದರೆ ನಾವೆಲ್ಲ ಅದನ್ನೇ ಹೇಳುವುದು. ಮಾಧ್ಯಮ ಬೇರೆಯವರನ್ನು ಕೆಡಿಸುತ್ತದೆ, ನನ್ನನ್ನಲ್ಲ ಎಂಬ ಈ ನಂಬಿಕೆಯ ಬಗ್ಗೆ ಡೇವಿಸನ್ ಎಂಬ ಸಮಾಜಶಾಸ್ತ್ರಜ್ಞ 1983ರಲ್ಲೇ ಬರೆದಿದ್ದಾನೆ. ಫೋನಿನಲ್ಲಿ ಸುದ್ದಿ ಆರಿಸುವ ಡೆಸ್ಕ್ ಇಲ್ಲ, ಹಾಗಾಗಿ ಅದು ಸ್ವಚ್ಛ ಅಂತ ಅವಳಿಗೆ ಅನ್ನಿಸಿರಬಹುದು. ಅಲ್ಲಿ ನಾವೇ ಡೆಸ್ಕ್. 2006ರಿಂದ 2017ರವರೆಗೆ ಟ್ವಿಟರ್‌ನಲ್ಲಿ ಸುಮಾರು 30 ಲಕ್ಷ ಜನ ಹಂಚಿದ 1,26,000 ಸುದ್ದಿಗಳನ್ನು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು ಹಿಂಬಾಲಿಸಿದರು. ಸುಳ್ಳು ಸುದ್ದಿಗೆ ನಿಜ ಸುದ್ದಿಗಿಂತ ಮುಂದಕ್ಕೆ ಹೋಗುವ ಸಾಧ್ಯತೆ ಶೇ 70ರಷ್ಟು ಹೆಚ್ಚು. ಇದು ತಾವಾಗಿಯೇ ಸುದ್ದಿ ಹಂಚುವ ಯಂತ್ರಗಳ (ಬಾಟ್‌ಗಳ) ಕೆಲಸ ಇರಬೇಕು ಅಂತ ಅವುಗಳ ಖಾತೆಗಳನ್ನು ತೆಗೆದು ನೋಡಿದರು. ಫಲಿತಾಂಶ ಬದಲಾಗಲಿಲ್ಲ. ಹಂಚಿದ್ದು ಮನುಷ್ಯರೇ. ಅವಳಿಗೆ ಉಪದೇಶ ಬೇಡ. ತಾತ ಯಾವ ಸುದ್ದಿಗೆ ಹೆದರಿದರೋ ಆ ಸುದ್ದಿಯ ಮೂಲ ಹುಡುಕಿಕೊಡು ಅಂತ ಕೆಲಸ ಹಚ್ಚಿ. ತಾತನ ಟಿವಿಗಿಂತ ತನ್ನ ಫೋನಿನ ಬಗ್ಗೆಯೇ ಅವಳಿಗೆ ಜಾಸ್ತಿ ಗೊತ್ತಾಗುತ್ತದೆ.

ಈಗ ಏನು ಮಾಡಬಹುದು?

ಕನೆಕ್ಷನ್ ತೆಗೆಸುವುದು ಸುಲಭ. ನಾನು ಬೇಡ ಅನ್ನುತ್ತೇನೆ. 71ರ ಮನುಷ್ಯನ ಕೈಯಿಂದ ರಿಮೋಟ್ ಕಿತ್ತುಕೊಂಡರೆ ಅವಮಾನವಾಗುತ್ತದೆ, ಮನೆಯ ಮೌನವೂ ವಾಪಸ್ ಬರುತ್ತದೆ. ಎರಡೇ ದಿನಕ್ಕೆ ಅವರು ಫೋನಿನ ಫಾರ್ವರ್ಡ್‌ಗಳಿಗೆ ಹೋಗುತ್ತಾರೆ. ಟಿವಿಯಲ್ಲಿ ತಪ್ಪಾದರೆ ದೂರು ಕೊಡಲು ಒಂದು ವಿಳಾಸವಾದರೂ ಇರುತ್ತದೆ. ಸುದ್ದಿಯೇ ಬೇಡ ಎನ್ನುವವರು ಲೋಕದಲ್ಲೆಲ್ಲ ಹೆಚ್ಚುತ್ತಿದ್ದಾರೆ ಎನ್ನುವುದೂ ನಿಜ. ಪತ್ರಿಕೋದ್ಯಮದ ಅಧ್ಯಯನ ಮಾಡುವ ರಾಯ್ಟರ್ಸ್ ಇನ್‌ಸ್ಟಿಟ್ಯೂಟ್ ಹಲವು ದೇಶಗಳಲ್ಲಿ ನಡೆಸುವ ಸಮೀಕ್ಷೆಯಲ್ಲಿ, ಸುದ್ದಿಯಿಂದ ಆಗಾಗ ಅಥವಾ ಕೆಲವೊಮ್ಮೆ ದೂರ ಸರಿಯುತ್ತೇವೆ ಅಂದವರು 2017ರಲ್ಲಿ ಶೇ 29, 2024ರಲ್ಲಿ ಶೇ 39. ಅವರ ದಣಿವು ನನಗೆ ಅರ್ಥವಾಗುತ್ತದೆ. ಆದರೆ ಇದಕ್ಕೂ ಬೆಲೆ ಇದೆ. ಅಮೆರಿಕದಲ್ಲಿ ಸ್ಥಳೀಯ ಪತ್ರಿಕೆ ಮುಚ್ಚಿದ ಕಡೆ, ಅಲ್ಲಿನ ಸ್ಥಳೀಯ ಆಡಳಿತಕ್ಕೆ ಸಿಗುವ ಸಾಲದ ಬಡ್ಡಿಯೇ ಏರಿದ್ದನ್ನು ಸಂಶೋಧಕರು ಕಂಡಿದ್ದಾರೆ. ಕೇಳುವವರಿಲ್ಲದ ಕಡೆ ಸಾಲ ಕೊಡಲು ಹಣ ಇದ್ದವರೂ ಹಿಂಜರಿಯುತ್ತಾರೆ.

ಅಂಕಿ ಅಂಶ ಹಿಡಿದು ವಾದ ಮಾಡುವುದು ಇನ್ನೊಂದು ದಾರಿ. ನಾನು ನನ್ನ ತಂದೆಯ ಜೊತೆ ಅದನ್ನು ಮಾಡಿ ಸೋತಿದ್ದೇನೆ. 'ನಿನಗೆ ಲೋಕ ಗೊತ್ತಿಲ್ಲ' ಅಂದರು, ಮಾತು ಅಲ್ಲಿಗೆ ಮುಗಿಯಿತು.

ಕೆಲಸ ಮಾಡುವುದನ್ನು ನಾನು ಕಂಡಿರುವುದು ಸುದ್ದಿಯ ಆಕಾರ ಬದಲಿಸುವುದು. ದಿನವಿಡೀ ಓಡುವ ಚಾನೆಲ್ಲಿಗೆ ಮುಗಿಯುವುದು ಗೊತ್ತಿಲ್ಲ. ಪತ್ರಿಕೆಗೆ ಕೊನೆಯ ಪುಟ ಇದೆ, ಅರ್ಧ ಗಂಟೆಯ ಬುಲೆಟಿನ್‌ಗೆ ಕೊನೆ ಇದೆ. ಅಪ್ಪನಿಗೆ ಪತ್ರಿಕೆ ತರಿಸಿ, ರಾತ್ರಿಯ ಒಂದು ಬುಲೆಟಿನ್ ನೀವೂ ಜೊತೆಗೆ ಕೂತು ನೋಡಿ. ನಡುವೆ ಜಾಸ್ತಿ ಮಾತಾಡಬೇಡಿ. ಮುಗಿದ ಮೇಲೆ ಎರಡೇ ಪ್ರಶ್ನೆ: ಇವತ್ತು ಹೊಸದಾಗಿ ಏನಾಯಿತು? ನಿನ್ನೆಯದನ್ನೇ ಯಾವುದನ್ನು ಮತ್ತೆ ತೋರಿಸಿದರು? ಎರಡನೆಯದನ್ನು ಒಂದು ವಾರ ಎಣಿಸಿದವರು ತಾವಾಗಿಯೇ ಲೂಪ್ ಹಿಡಿಯಲು ಶುರುಮಾಡುತ್ತಾರೆ. ಉಳಿದ ಹೊತ್ತು ಟಿವಿ ಇರಲಿ. ಹಾಡೋ, ಆಟವೋ, ಹಳೆಯ ಸಿನಿಮಾವೋ ಓಡಲಿ. ಇದರಲ್ಲೂ ಒಂದು ತೊಡಕಿದೆ, ನಿಮ್ಮ ಸಮಯ ಬೇಕು. ನೀವು ಎದ್ದುಹೋದ ದಿನ ಹಳೆಯ ಚಾನೆಲ್ ವಾಪಸ್ ಬರುತ್ತದೆ.

ತಮ್ಮನಿಗೆ ಹೇಳಬೇಕಾದದ್ದೂ ಇದೆ. ನಾವು ಬದಲಾದರೆ ಏನೂ ಆಗುವುದಿಲ್ಲ ಅಂತ ಅವರು ಅಂದರೆ ಆಸ್ಟ್ರಿಯಾದ ವಿಯೆನ್ನಾದ ಕತೆ ಹೇಳಿ. 1980ರ ದಶಕದ ಮಧ್ಯದಲ್ಲಿ ಅಲ್ಲಿನ ಮೆಟ್ರೋದಲ್ಲಿ ಆತ್ಮಹತ್ಯೆಗಳು ಏರುತ್ತಿದ್ದವು, ಪತ್ರಿಕೆಗಳು ಅವನ್ನು ರೋಚಕವಾಗಿ ಬರೆಯುತ್ತಿದ್ದವು. 1987ರ ಮಧ್ಯಭಾಗದಲ್ಲಿ ತಜ್ಞರು ಪತ್ರಿಕೆಗಳಿಗೆ ಕೆಲವು ಸೂಚನೆ ಕೊಟ್ಟರು. ಹೀಗೆ ಬರೆಯಬೇಡಿ, ಸಣ್ಣದಾಗಿ ಬರೆಯಿರಿ ಅಂತ. ಪತ್ರಿಕೆಗಳು ಒಪ್ಪಿದವು. ಆ ವರ್ಷದ ಮೊದಲ ಆರು ತಿಂಗಳಿಗೆ ಹೋಲಿಸಿದರೆ ಉಳಿದ ಆರು ತಿಂಗಳಲ್ಲಿ ಸಂಖ್ಯೆ ಶೇ 70ಕ್ಕೂ ಹೆಚ್ಚು ಇಳಿಯಿತು. ಡೆಸ್ಕಿನಲ್ಲಿ ಕೂತವರು ಪರದೆಯ ಮೂಲೆಯಲ್ಲಿ 'ಬೆಳಗಿನ ದೃಶ್ಯ' ಅಂತ ಸಮಯ ಹಾಕಬಹುದು. ಮಗು ಸಿಕ್ಕಿದ ಸುದ್ದಿಯನ್ನು, ಮಗು ಕಳೆದ ಸುದ್ದಿಯಷ್ಟೇ ದೊಡ್ಡದಾಗಿ ಹಾಕಬಹುದು. ನನ್ನ ಆ ಬೆಂಕಿಯ ರಾತ್ರಿ ಒಂದು ಸಾಲು, 'ಬೆಂಕಿ ಏಳಕ್ಕೇ ಆರಿದೆ' ಅಂತ, ಸಾಕಾಗಿತ್ತು. ನಾವು ಹಾಕಲಿಲ್ಲ.

ಕೊನೆಗೆ ಸೈಕಲ್. ನಿಮ್ಮ ಅಪ್ಪನ ಭಯವನ್ನು ಸುಳ್ಳು ಮಾಡಲು ಹೋಗಬೇಡಿ, ಅದಕ್ಕೆ ಸರಿಯಾದ ಜಾಗ ತೋರಿಸಿ. ಲೋಕದಲ್ಲಿ 5ರಿಂದ 29 ವರ್ಷದವರ ಸಾವಿಗೆ ಮೊದಲ ಕಾರಣ ರಸ್ತೆ ಅಪಘಾತ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸೈಕಲ್ ಮೇಲಿನ ಮಗುವಿಗೆ ದೂರದ ಅಪಹರಣಕಾರನಿಗಿಂತ ಹತ್ತಿರದ ತಿರುವಿನಲ್ಲಿ ಜೋರಾಗಿ ಬರುವ ವಾಹನದ ಬಗ್ಗೆಯೇ ಹೆಚ್ಚು ಎಚ್ಚರ ಬೇಕು. ಅದು ಟಿವಿಯಲ್ಲಿ ದಿನವಿಡೀ ಬರುವುದಿಲ್ಲ. ಒಂದು ದಿನ ಅಪ್ಪನನ್ನೇ ಆ ದಾರಿಯಲ್ಲಿ ಮೊಮ್ಮಗಳ ಜೊತೆ ನಡೆಸಿ. ಎಲ್ಲಿ ಇಳಿದು ತಳ್ಳಿಕೊಂಡು ದಾಟಬೇಕು, ಎಲ್ಲಿ ಬೆಳಕು ಕಡಿಮೆ, ತೊಂದರೆಯಾದರೆ ಯಾರ ಮನೆ ಬಾಗಿಲು ತಟ್ಟಬಹುದು ಅಂತ ಅವರೇ ನೋಡಲಿ. ಮೊದಲ ವಾರ ಅರ್ಧ ದಾರಿಯವರೆಗೆ ಅವರು ಬರಲಿ, ಆಮೇಲೆ ಗೇಟಿನವರೆಗೆ. ಹೆಲ್ಮೆಟ್ ಇಲ್ಲದಿದ್ದರೆ ಕೊಡಿಸಿ. ಸೈಕಲ್ ಎರಡು ತಿಂಗಳು ನಿಂತಿದೆ ಅಂದಿರಲ್ಲ, ಬ್ರೇಕನ್ನೂ ಒಮ್ಮೆ ನೋಡಿಸಿಬಿಡಿ.